ನೆತ್ತಿಯ ಗಂಟಿನಲ್ಲಿ ಬರೀ ಕ್ಲಿಯರ್ ಸೆಲ್‌ಗಳು: ಹೈಡ್ರಡಿನೋಮಾನಾ, ಕಿಡ್ನಿಯಿಂದ ಹರಡಿದ್ದಾ?

ಪ್ರಶ್ನೆ (ಪೆಥಾಲಜಿ ಪಿಜಿ)

ಎಲ್ಲರಿಗೂ ನಮಸ್ಕಾರ. ನಡುವಯಸ್ಸು ದಾಟಿದ ಹೆಂಗಸು, ನೆತ್ತಿಯಲ್ಲಿ ಸುಮಾರು 2 ಸೆಂ.ಮೀ. ಗಂಟು. ಬಹಳ ದಿನದಿಂದ ಇತ್ತಂತೆ, ಈಚೆಗೆ ಸ್ವಲ್ಪ ದೊಡ್ಡದಾಗಿದೆ. ಸರ್ಜನ್ ಸೆಬೇಶಿಯಸ್ ಸಿಸ್ಟ್ ಅಂತ ಬರೆದು ಕಳಿಸಿದ್ದಾರೆ. ಸ್ಲೈಡ್‌ನಲ್ಲಿ ಡರ್ಮಿಸ್ (ಚರ್ಮದ ಒಳಪದರ) ಒಳಗೆ ಅಂಚು ಚೆನ್ನಾಗಿರುವ ಗಡ್ಡೆ, ಎಪಿಡರ್ಮಿಸ್‌ಗೆ (ಮೇಲ್ಪದರಕ್ಕೆ) ಸೇರಿಕೊಂಡಿಲ್ಲ. ಎಲ್ಲಿ ನೋಡಿದರೂ ಕ್ಲಿಯರ್ ಸೆಲ್‌ಗಳು (ಒಳಗೆ ಖಾಲಿಯಂತೆ ತಿಳಿಯಾಗಿ ಕಾಣುವ ಜೀವಕೋಶಗಳು), ಚಿಕ್ಕ ಕಪ್ಪು ನ್ಯೂಕ್ಲಿಯಸ್. ಪಾಸ್ ಸ್ಟೇನ್ (ಗ್ಲೈಕೋಜನ್‌ನಂಥ ಸಕ್ಕರೆ ಅಂಶಕ್ಕೆ ಹಿಡಿಯುವ ಬಣ್ಣ) ಪಾಸಿಟಿವ್, ಡಯಾಸ್ಟೇಸ್ (ಗ್ಲೈಕೋಜನ್ ಕರಗಿಸುವ ಕಿಣ್ವ) ಹಾಕಿದರೆ ಹೋಗುತ್ತದೆ, ಅಂದರೆ ಗ್ಲೈಕೋಜನ್. ಹೈಡ್ರಡಿನೋಮಾ (ಬೆವರು ಗ್ರಂಥಿಯ ಸಾಧು ಗಡ್ಡೆ) ಅನ್ನಿಸುತ್ತಿದೆ, ಆದರೆ ರೀನಲ್ ಸೆಲ್ ಕಾರ್ಸಿನೋಮಾ (ಕಿಡ್ನಿ ಕ್ಯಾನ್ಸರ್) ಹರಡಿದ್ದು, ಅಂದರೆ ಮೆಟಾಸ್ಟೇಸಿಸ್, ಇರಬಹುದಾ ಅಂತ ಭಯ. ಹೇಗೆ ಬೇರೆ ಮಾಡುವುದು?

ಉತ್ತರ 1 (ಚರ್ಮದ ಸ್ಲೈಡ್‌ಗಳನ್ನೇ ಜಾಸ್ತಿ ನೋಡುವವರು)

ನಿಮ್ಮ ಭಯ ಸರಿಯಾದದ್ದೇ, ಅದನ್ನು ಬಿಡಬೇಡಿ. ಕಿಡ್ನಿ ಕ್ಯಾನ್ಸರ್‌ಗೆ ನೆತ್ತಿ ಅಂದರೆ ಪ್ರೀತಿಯ ಜಾಗ. ಕಿಡ್ನಿ ತೆಗೆದು ಎಷ್ಟೋ ವರ್ಷದ ಮೇಲೂ ಬರುತ್ತದೆ, ಕೆಲವರಲ್ಲಿ ಮೊದಲ ಸುಳಿವೇ ಚರ್ಮದ ಗಂಟು. ಪಾಸ್ ಇಲ್ಲಿ ನಿಮಗೆ ಸಹಾಯ ಮಾಡುವುದಿಲ್ಲ, ಗ್ಲೈಕೋಜನ್ ಎರಡರಲ್ಲೂ ಇರುತ್ತದೆ. ಅಂಚು ಚೆನ್ನಾಗಿದೆ ಅನ್ನುವುದನ್ನೂ ನಂಬಬೇಡಿ, ಮೆಟಾಸ್ಟೇಸಿಸ್ ಕೂಡ ಒಮ್ಮೊಮ್ಮೆ ಸಾಧುವಾಗಿ, ದುಂಡಗೆ ಕೂತಿರುತ್ತದೆ.

ಇಮ್ಯುನೊಗೆ (ಸೆಲ್‌ಗಳ ಪ್ರೋಟೀನ್ ಗುರುತಿಸುವ ಪರೀಕ್ಷೆಗೆ) ಕಳಿಸುವ ಮೊದಲು ಎಚ್ ಅಂಡ್ ಇ (ಮಾಮೂಲಿ ಬಣ್ಣದ) ಸ್ಲೈಡನ್ನೇ ಇನ್ನೊಮ್ಮೆ ನಿಧಾನವಾಗಿ ನೋಡಿ. ಮೊದಲು ಹುಡುಕಬೇಕಾದ್ದು ಡಕ್ಟ್, ಅಂದರೆ ಬೆವರಿನ ನಾಳದಂಥ ಸಣ್ಣ ಕೊಳವೆ. ಕ್ಲಿಯರ್ ಸೆಲ್‌ಗಳ ರಾಶಿಯ ನಡುವೆ ಎಲ್ಲೋ ಒಂದು ಚಿಕ್ಕ ದುಂಡು ತೂತು ಇರುತ್ತದೆ, ಸುತ್ತ ಕ್ಯೂಬಾಯ್ಡಲ್ ಸೆಲ್‌ಗಳ ಸಾಲು, ಒಳ ಅಂಚಿನಲ್ಲಿ ತೆಳುವಾದ ಗುಲಾಬಿ ಗೆರೆ. ಲೋ ಪವರ್‌ನಲ್ಲಿ ಕಣ್ಣಿಗೇ ಬೀಳದಷ್ಟು ಚಿಕ್ಕದು. ಅದಕ್ಕೇ ಲೋಬ್ಯೂಲ್‌ಗಳ (ಗಡ್ಡೆಯ ಚಿಕ್ಕ ಚಿಕ್ಕ ಭಾಗಗಳ) ಅಂಚು ಹಿಡಿದು 20 ಎಕ್ಸ್‌ನಲ್ಲಿ ಹೋಗಿ. ಅದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಎರಡನೆಯದು, ಎಲ್ಲವೂ ಕ್ಲಿಯರ್ ಅಂತ ನೀವು ಬರೆದಿದ್ದೀರಿ. ಹೈಡ್ರಡಿನೋಮಾದಲ್ಲಿ ಸಾಮಾನ್ಯವಾಗಿ ಇನ್ನೊಂದು ಬಗೆಯೂ ಇರುತ್ತದೆ: ಗುಲಾಬಿ ಸೈಟೋಪ್ಲಾಸಂ, ಕೆಲವು ಕಡೆ ಉದ್ದುದ್ದ, ಕೆಲವು ಕಡೆ ಸ್ಕ್ವಾಮಸ್ ಸೆಲ್ ಥರ. ಒಂದು ಜಾಗದಲ್ಲಾದರೂ ಒಂದು ಬಗೆ ಇನ್ನೊಂದರೊಳಗೆ ಬೆರೆಯುವುದು ಕಾಣಬೇಕು. ಲೋಬ್ಯೂಲ್‌ಗಳ ಮಧ್ಯೆ ದಪ್ಪ, ಗಾಜಿನಂಥ ಗುಲಾಬಿ ಕೊಲ್ಯಾಜನ್ ಇದ್ದರೆ ನನಗೆ ಇನ್ನೂ ಸಮಾಧಾನ. ಕಿಡ್ನಿಯದಾದರೆ ಆ ಜಾಗದಲ್ಲಿ ತೆಳು ಗೋಡೆಯ ರಕ್ತನಾಳಗಳು ಹೆಣೆದುಕೊಂಡಿರುತ್ತವೆ, ಸೆಲ್‌ಗಳ ಗುಂಪು ಗುಂಪನ್ನೂ ಸುತ್ತುವರಿದು. ರಕ್ತ ಸೋರಿರುವುದು, ಹೀಮೋಸಿಡರಿನ್ (ಹಳೆಯ ರಕ್ತದ ಕಂದು ಕಬ್ಬಿಣದ ಕಣ) ಕೂಡ ಜಾಸ್ತಿ.

ಹಿಂದೆ ಕಿಡ್ನಿ ತೆಗೆದಿರಬಹುದು, ಹಳೆಯ ಆಪರೇಷನ್ ಗಾಯ ಹೊಟ್ಟೆಯ ಪಕ್ಕದಲ್ಲಿ ಇದೆಯಾ ಅಂತ ಸರ್ಜನ್‌ಗೆ ಒಂದು ಫೋನ್ ಮಾಡಿ. ರಿಕ್ವಿಸಿಷನ್‌ನಲ್ಲಿ (ಸ್ಯಾಂಪಲ್ ಜೊತೆ ಬರುವ ಚೀಟಿಯಲ್ಲಿ) ಇಂಥದ್ದನ್ನು ಯಾರೂ ಬರೆಯುವುದಿಲ್ಲ.

ಉತ್ತರ 2 (ಇಮ್ಯುನೊ ಲ್ಯಾಬ್)

ಮೇಲಿನದ್ದಕ್ಕೆ ಸೇರಿಸುತ್ತೇನೆ. ಇಮ್ಯುನೊದಲ್ಲಿ ನೋಡುವ ಪ್ರೋಟೀನ್ ಗುರುತುಗಳಲ್ಲಿ ಪಿ63 (ಅಥವಾ ಪಿ40) ಮತ್ತು ಪ್ಯಾಕ್ಸ್8, ಈ ಜೋಡಿ ಸಾಕು. ಬೆವರು ಗ್ರಂಥಿಯ ಗಡ್ಡೆಯಲ್ಲಿ ಪಿ63 ಪಾಸಿಟಿವ್, ಪ್ಯಾಕ್ಸ್8 ನೆಗೆಟಿವ್. ಕಿಡ್ನಿಯದರಲ್ಲಿ ಉಲ್ಟಾ. ಇಎಂಎ ಅನ್ನುವ ಗುರುತು ಎರಡರಲ್ಲೂ ಬರುತ್ತದೆ, ಸಿಡಿ10 ಅನ್ನುವ ಗುರುತು ಒಂದನ್ನೇ ನಂಬಿ ಕೂರಬೇಡಿ. ಸಿಇಎ ಅನ್ನುವ ಇನ್ನೊಂದು ಗುರುತು ಹಾಕಿದರೆ ಡಕ್ಟ್‌ನ ಒಳಗೆರೆ ಎದ್ದು ಕಾಣುತ್ತದೆ, ಹುಡುಕಲು ಸುಲಭ.

ಸಿಆರ್‌ಟಿಸಿ1-ಎಂಎಎಂಎಲ್2 ಫ್ಯೂಷನ್ (ಎರಡು ಜೀನ್‌ಗಳು ಬೆಸೆದುಕೊಂಡದ್ದು) ಸುಮಾರು ಅರ್ಧದಷ್ಟು ಹೈಡ್ರಡಿನೋಮಾಗಳಲ್ಲಿ ಸಿಗುತ್ತದೆ. ಇಲ್ಲ ಅಂತ ಬಂದರೆ ಹೈಡ್ರಡಿನೋಮಾ ಅಲ್ಲ ಅಂತ ಅರ್ಥವಲ್ಲ. ಇದೇ ಫ್ಯೂಷನ್ ಜೊಲ್ಲು ಗ್ರಂಥಿಯ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾದಲ್ಲೂ ಇದೆ. ಸುಮ್ನೆ ಈ ಟೆಸ್ಟ್‌ಗೆ ಖರ್ಚು ಮಾಡಿಸಬೇಡಿ.

ಪ್ರಶ್ನೆ ಕೇಳಿದವರು

ಬಹಳ ಥ್ಯಾಂಕ್ಸ್ ಮೇಡಂ, ಸರ್. ಬ್ಲಾಕ್‌ನಿಂದ (ಮೇಣದಲ್ಲಿ ಕೂರಿಸಿದ ತುಂಡಿನಿಂದ) ಇನ್ನಷ್ಟು ಲೆವೆಲ್ಸ್ (ಒಳ ಪದರಗಳ ತೆಳು ಹೋಳು) ಕಟ್ ಮಾಡಿಸಿದೆ. ಒಂದು ಮೂಲೆಯಲ್ಲಿ ಗಡ್ಡೆಯೊಳಗೆ ಸಿಸ್ಟ್ (ಟೊಳ್ಳು ಜಾಗ) ತೆರೆದುಕೊಂಡಿದೆ, ಅದರ ಗೋಡೆಯಲ್ಲೇ ಎರಡು ಡಕ್ಟ್‌ಗಳು, ಗುಲಾಬಿ ಗೆರೆ ಸಮೇತ! ಪಕ್ಕದಲ್ಲೇ ಗುಲಾಬಿ ಸೆಲ್‌ಗಳು ಕ್ಲಿಯರ್ ಸೆಲ್‌ಗಳಿಗೆ ಬೆರೆಯುತ್ತಿವೆ. ಪಿ63 ಚೆನ್ನಾಗಿ ಬಂದಿದೆ, ಪ್ಯಾಕ್ಸ್8 ಇಲ್ಲ. ಹೊಟ್ಟೆಯ ಆಪರೇಷನ್ ಯಾವುದೂ ಆಗಿಲ್ಲವಂತೆ. ಆದರೆ ಮೈಟೋಸಿಸ್ (ವಿಭಜನೆ ಆಗುತ್ತಿರುವ ಸೆಲ್) ಅಲ್ಲೊಂದು ಇಲ್ಲೊಂದು ಇದೆ. ಅದಕ್ಕೆ ಹೆದರಬೇಕಾ?

ಉತ್ತರ 1 ಬರೆದವರು

ನೋಡಿ, ಸಿಕ್ತಲ್ವಾ! ತುಂಬಾ ಸಂತೋಷ ಆಯಿತು. ಎಷ್ಟೋ ಜನ ಲೆವೆಲ್ಸ್ ಕೇಳುವುದೇ ಇಲ್ಲ.

ಕೆಲವು ಮೈಟೋಸಿಸ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅನ್ನಬೇಡಿ. ಅವು ಸಾಮಾನ್ಯ ಆಕಾರದಲ್ಲಿವೆಯಾ ನೋಡಿ. ಗಡ್ಡೆಯ ತಳಕ್ಕೆ ಬನ್ನಿ: ಅಲ್ಲಿ ಅಂಚು ಒಡೆದು ಕೊಬ್ಬಿನೊಳಗೆ ನುಗ್ಗಿದೆಯಾ, ನರದ ಸುತ್ತ ಅಥವಾ ರಕ್ತನಾಳದ ಒಳಗೆ ಸೆಲ್‌ಗಳಿವೆಯಾ, ಲೋಬ್ಯೂಲ್ ನಡುವೆ ಸತ್ತ ಭಾಗ ಇದೆಯಾ. ಇವು ಯಾವುದೂ ಇಲ್ಲದಿದ್ದರೆ ಹೈಡ್ರಡಿನೋಮಾ, ಬಿನೈನ್ (ಕ್ಯಾನ್ಸರ್ ಅಲ್ಲದ್ದು) ಅಂತ ಧೈರ್ಯವಾಗಿ ಬರೆಯಿರಿ. ಗಡ್ಡೆಯ ತಳ ಸ್ಲೈಡ್‌ನಲ್ಲಿ ಪೂರ್ತಿ ಬಂದಿಲ್ಲದಿದ್ದರೆ ಮಾತ್ರ ಆ ಧೈರ್ಯ ಬೇಡ.

ಮಾರ್ಜಿನ್ (ಕತ್ತರಿಸಿದ ಅಂಚು) ಬಗ್ಗೆ ತಪ್ಪದೆ ಬರೆಯಿರಿ. ಸಿಸ್ಟ್ ಅಂದುಕೊಂಡು ಬಿಡಿಸಿ ತೆಗೆದ ಗಡ್ಡೆ ಇದು, ಅಂಚಿನಲ್ಲಿ ಉಳಿದಿರುವ ಸಾಧ್ಯತೆ ಜಾಸ್ತಿ. ಉಳಿದರೆ ಮತ್ತೆ ಬೆಳೆಯುತ್ತದೆ. ಆ ಅಂಚು ಸ್ಲೈಡ್‌ನಲ್ಲಿ ಗುರುತು ಸಿಗಲಿ ಅಂತ ಇಂಕ್ ಹಾಕಿದ್ದೀರಾ?

ಪ್ರಶ್ನೆ ಕೇಳಿದವರು

ಹಾಕಿದ್ದೇವೆ ಮೇಡಂ. ನುಗ್ಗಿರುವುದು, ಸತ್ತ ಭಾಗ ಯಾವುದೂ ಕಾಣಲಿಲ್ಲ, ಮೈಟೋಸಿಸ್ ಸಾಮಾನ್ಯ ಆಕಾರದ್ದೇ. ತಳದಲ್ಲಿ ಕೊಬ್ಬು ಬಂದಿದೆ, ಆದರೆ ಒಂದು ಪಕ್ಕ ಇಂಕ್‌ಗೆ ತಾಗಿದೆ. ಬಿನೈನ್ ಹೈಡ್ರಡಿನೋಮಾ, ಒಂದು ಪಕ್ಕದ ಮಾರ್ಜಿನ್ ಪಾಸಿಟಿವ್, ಪೂರ್ತಿ ತೆಗೆಯುವುದು ಒಳ್ಳೆಯದು ಅಂತ ರಿಪೋರ್ಟ್ ಕೊಟ್ಟು ಸರ್ಜನ್‌ಗೆ ಫೋನ್‌ನಲ್ಲೂ ಹೇಳುತ್ತೇನೆ.