ಪದ ಬೇಕಿದೆ: ‘ಬರ್ಡ್‌ವಿಂಗ್’ ಚಿಟ್ಟೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ನಮ್ಮೂರ ಕಾಡುದಾರಿಯಲ್ಲಿ ಚಿಟ್ಟೆಗಳ ಬೋರ್ಡ್ ಹಾಕುತ್ತಿದ್ದೇವೆ, ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಉಳಿದ ಹೆಸರೆಲ್ಲ ಆಯ್ತು, ‘ಸದರ್ನ್ ಬರ್ಡ್‌ವಿಂಗ್’ ಒಂದರಲ್ಲಿ ಸಿಕ್ಕಿಕೊಂಡಿದ್ದೇನೆ. ನಮ್ಮ ರಾಜ್ಯದ ಚಿಟ್ಟೆ, ಅದಕ್ಕೇ ಇಂಗ್ಲಿಷ್ ಹೆಸರು ಬರೆಸೋಕೆ ಮುಜುಗರ. ನೋಡದವರಿಗೆ ಹೇಳೋದಾದರೆ, ರೆಕ್ಕೆ ಬಿಚ್ಚಿದಾಗ 14ರಿಂದ 19 ಸೆಂಟಿಮೀಟರ್, ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಅರಿಶಿನ, ಕತ್ತಿನ ಹತ್ತಿರ ಕುಂಕುಮ ಇಟ್ಟಂತೆ ಕೆಂಪು. ‘ದಕ್ಷಿಣದ ಹಕ್ಕಿರೆಕ್ಕೆ’ ನಡೆಯುತ್ತದಾ?

> ದಕ್ಷಿಣದ ಹಕ್ಕಿರೆಕ್ಕೆ

ನಡೆಯೋದಿಲ್ಲ. ಇದು ತತ್ಪುರುಷ ಸಮಾಸ, ‘ಹಕ್ಕಿಯ ರೆಕ್ಕೆ’ ಅಂತಷ್ಟೇ ಅರ್ಥ. ಬೋರ್ಡ್ ಓದಿದವನು ಕೆಳಗೆ ಉದುರಿದ ಪುಕ್ಕ ಹುಡುಕುತ್ತಾನೆ. ನಿಮಗೆ ಬೇಕಾಗಿರೋದು ಬಹುವ್ರೀಹಿ, ‘ಹಕ್ಕಿಯಂಥ ರೆಕ್ಕೆ ಇರುವಂಥದ್ದು’ ಅನ್ನೋ ಅರ್ಥ ಬರಬೇಕು, ಮೂರು ಕಣ್ಣಿನವನು ಮುಕ್ಕಣ್ಣ ಆದ ಹಾಗೆ. ಅದು ಕೂಡಿ ಬರದಿದ್ದರೆ ಕೊನೆಗೆ ‘ಚಿಟ್ಟೆ’ ಸೇರಿಸಿ, ಮುಗೀತು. ಇನ್ನು ರೆಕ್ಕೆಯ ವಿಷಯ. ಹಳಗನ್ನಡದಲ್ಲಿ ಇದು ಎಱಂಕೆ, ತಮಿಳಿನ ಇಱಕ್ಕೈಗೆ ನೆಂಟ, ಮೊದಲಿನ ಸ್ವರ ಜಾರಿ ರೆಕ್ಕೆಯಾಗಿದೆ. ‘ಎರಕೆ’ ಅಂತಲೇ ಬರೆಸಿದರೆ ಹಳೆಯ ಮಾತೊಂದು ಮತ್ತೆ ಉಸಿರಾಡುತ್ತದೆ.

> ಕೊನೆಗೆ ‘ಚಿಟ್ಟೆ’ ಸೇರಿಸಿ

ಮಲೆನಾಡಲ್ಲಿ ಚಿಟ್ಟೆ ಅಂದರೆ ಜಗಲಿಯಲ್ಲಿ ಕೂರೋ ಕಟ್ಟೆ ಕೂಡ. ಪಾತರಗಿತ್ತಿ ಅನ್ನಿ.

> ‘ಎರಕೆ’ ಅಂತಲೇ ಬರೆಸಿದರೆ

ಬರೆಸಿ, ಕಂಚು ಎರಕ ಹೊಯ್ಯೋ ಅಂಗಡಿ ಎಲ್ಲಿ ಅಂತ ಜನ ಕೇಳ್ತಾರೆ. ನನ್ನ ತಕರಾರು ‘ದಕ್ಷಿಣ’ದ ಮೇಲೆ. ತೆಂಕಣ ಇರುವಾಗ ಸಂಸ್ಕೃತದ ಮನೆಗೆ ಸಾಲಕ್ಕೆ ಯಾಕೆ ಹೋಗಬೇಕು? ‘ತೆಂಕಣ ಹಕ್ಕಿರೆಕ್ಕೆ’. ಪೂರ್ತಿ ಅಚ್ಚಗನ್ನಡ.

> ಪೂರ್ತಿ ಅಚ್ಚಗನ್ನಡ

‘ಪೂರ್ತಿ’ಯೇ ಸಂಸ್ಕೃತ, ಅದು ಹೋಗಲಿ. ಹಕ್ಕಿ ಎಲ್ಲಿಂದ ಬಂತು ಸ್ವಾಮಿ? ಪಕ್ಷಿ, ಪಕ್ಕಿ, ಹಕ್ಕಿ. ಪಾಲ್ ಹಾಲಾದ ಹಾಗೆ. ಸಾಲ ಬೇಡ ಅನ್ನೋರು ಮೊದಲು ಅದನ್ನ ಹಾರಿಸಿಬಿಡಿ.

> ಹಕ್ಕಿ ಎಲ್ಲಿಂದ ಬಂತು

ತದ್ಭವ ಬೇರೆ, ತತ್ಸಮ ಬೇರೆ. ಸಾವಿರ ವರ್ಷ ನಾಲಿಗೆ ಮೇಲೆ ಉರುಳಿದ್ದು ನಮ್ಮದೇ. ಕುಹಕಕ್ಕೆಲ್ಲ ಉತ್ತರ ಕೊಡಲ್ಲ.

> ಉತ್ತರ ಕೊಡಲ್ಲ

ಕೊಟ್ಟಾಯ್ತಲ್ಲ. ಹಾಗಾದರೆ ಬಸ್ಸು ಇನ್ನೂ ಎಷ್ಟು ವರ್ಷ ಉರುಳಬೇಕು?

> ದಕ್ಷಿಣ, ತೆಂಕಣ

ನೀವು ಜಗಳ ಆಡ್ಕೊಳ್ಳಿ, ನಾನು ಕಂಡಿದ್ದು ಹೇಳ್ತೀನಿ. ನಮ್ಮ ತೋಟ ಘಟ್ಟದ ಕಾಡಿಗೆ ಅಂಟಿಕೊಂಡಿದೆ. ಬೆಳಿಗ್ಗೆ ಬಿಸಿಲು ಬೀಳೋ ಹೊತ್ತಿಗೆ ಇದು ಮರದ ತುದಿಗಳ ಮೇಲೆ ತೇಲಿಕೊಂಡು ಹೋಗುತ್ತದೆ, ಆಮೇಲೆ ಲಂಟಾನ ಹೂವಿಗೆ ಇಳಿಯುತ್ತದೆ, ಮಕರಂದ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಮೊಟ್ಟೆ ಇಡೋದು ಈಶ್ವರಿ ಬಳ್ಳಿಯಂಥವುಗಳ ಮೇಲೆ. ಹುಳು ಆ ಎಲೆ ತಿಂದು ಬಳ್ಳಿಯ ವಿಷವನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ, ಹಾಗಾಗಿ ಹಕ್ಕಿಗಳಿಗೆ ಇದರ ರುಚಿ ಆಗಿಬರಲ್ಲ. ನೋಡಿ, ಹಕ್ಕಿಗೆ ಬೇಡದ ಚಿಟ್ಟೆಗೆ ಹಕ್ಕಿಯದೇ ಹೆಸರು! ‘ಈಶ್ವರಿ ಚಿಟ್ಟೆ’ ಅನ್ನೋಣ ಅಂದ್ಕೊಂಡಿದ್ದೆ, ಆದರೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅನ್ನೋ ಚಿಟ್ಟೆಗಳ ಹುಳುಗಳೂ ಅದೇ ಬಳ್ಳಿ ಮೇಯುತ್ತವೆ.

ದಕ್ಷಿಣವೂ ಬೇಡ, ತೆಂಕಣವೂ ಬೇಡ. ಹಿಮಾಲಯದಲ್ಲಿ ಗೋಲ್ಡನ್ ಬರ್ಡ್‌ವಿಂಗ್ ನೋಡಿಕೊಂಡು ಕೂತವರಿಗೆ ಇದು ದಕ್ಷಿಣದ್ದು. ನಮಗೆ ಹಿತ್ತಲಿನದ್ದು. ಇಂಗ್ಲಿಷಿನವರೇ ಇದಕ್ಕೆ ‘ಸಹ್ಯಾದ್ರಿ ಬರ್ಡ್‌ವಿಂಗ್’ ಅಂತಲೂ ಅಂತಾರೆ. ಅದನ್ನೇ ಹಿಡ್ಕೊಳ್ಳಿ.

> ಅದನ್ನೇ ಹಿಡ್ಕೊಳ್ಳಿ

ಹಿಡ್ಕೊಂಡೆ. ‘ಸಹ್ಯಾದ್ರಿ ಹಕ್ಕಿರೆಕ್ಕೆ ಚಿಟ್ಟೆ’ ಅಂತ ಬೆಳಿಗ್ಗೆ ಬರೆಸಿಯಾಯ್ತು. ಸ್ವಲ್ಪ ಉದ್ದ ಆಯ್ತು, ಕೊನೆಯ ‘ಟ್ಟೆ’ ಹಲಗೆಯ ಅಂಚಿಗೆ ತಾಗಿದೆ. ಸಹ್ಯಾದ್ರಿಯೂ ಸಂಸ್ಕೃತ ಅಂತ ದಯವಿಟ್ಟು ಯಾರೂ ಬರೆಯಬೇಡಿ, ಬಣ್ಣ ಒಣಗಿದೆ.