ಅಪ್‌ಡೇಟ್: ಪುಸ್ತಕದ ಪಾರ್ಸೆಲ್ ಬಂತು, ಬ್ರೋಕರೇಜ್ ಕಟ್ಟಲಿಲ್ಲ

ಬೆಂಗಳೂರಿನಿಂದ ಕೆನಡಾದ ಒಂಟಾರಿಯೊಗೆ ತರಿಸಿದ 200 ಡಾಲರಿನ ಕನ್ನಡ ಪುಸ್ತಕಗಳಿಗೆ ಕೊರಿಯರ್‌ನವರು ತೆರಿಗೆಯ ಜೊತೆಗೆ 38 ಡಾಲರ್ ಬ್ರೋಕರೇಜ್ (ಕಸ್ಟಮ್ಸ್ ಕೆಲಸ ಮಾಡಿಕೊಡೋ ಶುಲ್ಕ) ಕೇಳ್ತಿದ್ದಾರೆ ಅಂತ ಹೋದ ವಾರ ಬರೆದಿದ್ದೆ ಅಲ್ವಾ?

ಚಾರ್ಜ್ ಬಿಡಿ ಅಂತ ಫೋನಿನಲ್ಲಿ ಕೇಳಿಕೊಂಡೆ, ಒಪ್ಪಲಿಲ್ಲ. 'ಗಿಫ್ಟ್' ಅಂತ ಬರೆಸೋದು ಸುಳ್ಳಾಗುತ್ತೆ, ಅದನ್ನು ಬಿಟ್ಟೆ. ಕೈಹಿಡಿದದ್ದು 'ಕಸ್ಟಮ್ಸ್‌ನಲ್ಲಿ ನೀವೇ ಕ್ಲಿಯರ್ ಮಾಡಿಸಿ' ಅನ್ನುವ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್! ಪಾರ್ಸೆಲ್ ಕೈಗೆ ಬರುವ ಮೊದಲೇ ಕೊರಿಯರ್‌ಗೆ ಇದನ್ನು ತಿಳಿಸಬೇಕು. ಅವರು ಕಳಿಸಿದ ಕಾಗದ, ಇನ್‌ವಾಯ್ಸ್, ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಹಿಡಿದು ಸಿಬಿಎಸ್‌ಎ (ಕೆನಡಾದ ಕಸ್ಟಮ್ಸ್ ಇಲಾಖೆ) ಕಚೇರಿಗೆ ಹೋದೆ.

ಕೌಂಟರಿನಲ್ಲಿದ್ದವರು ಇನ್‌ವಾಯ್ಸ್‌ನ ಒಂದೊಂದು ಸಾಲಿನ ಮೇಲೂ ಪೆನ್ನು ಓಡಿಸಿ, 'ಎಲ್ಲಾ ಅಚ್ಚಾದ ಪುಸ್ತಕಗಳೇನಾ?' ಅಂದರು. ಪುಸ್ತಕಕ್ಕೆ ಇಲ್ಲಿ ತೆರಿಗೆ 13% ಅಲ್ಲ, ಬರೀ 5% ಅಂತೆ! 26ರ ಬದಲು 10 ಡಾಲರ್ ಕಟ್ಟಿದೆ. ರಸೀದಿ ಕೊರಿಯರ್‌ಗೆ ಕಳಿಸಿದ ಮರುದಿನವೇ ಪಾರ್ಸೆಲ್ ಬಾಗಿಲಿಗೆ ಬಂತು.