ವಿಶೇಷ ಶಿಕ್ಷಕಿಯೊಂದಿಗೆ ಪ್ರಶ್ನೋತ್ತರ: ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳು

ನಿರ್ವಾಹಕರು: ಉಡುಪಿ–ದಕ್ಷಿಣ ಕನ್ನಡ ಶಿಕ್ಷಕರ ಮತ್ತು ಪಾಲಕರ ಗುಂಪಿಗೆ ಸ್ವಾಗತ. ಇಂದು ಸಂಜೆ ಆರರಿಂದ ಎಂಟರವರೆಗೆ ವಿಶೇಷ ಶಿಕ್ಷಕಿ ಮೇಡಂ ಉತ್ತರಿಸುತ್ತಾರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು, ವೈದ್ಯರಲ್ಲ. ಮಕ್ಕಳ ಹೆಸರು, ಫೋಟೊ, ಆಸ್ಪತ್ರೆಯ ಕಾಗದ ಹಾಕಬೇಡಿ. ಫಾರ್ವರ್ಡ್ ಸಂದೇಶ ಬೇಡವೇ ಬೇಡ.

ಕಟಪಾಡಿಯ ತಾಯಿ: ಮೇಡಂ ನಮಸ್ಕಾರ. ಮಗ ನಾಲ್ಕನೇ ತರಗತಿ. 'ಕತ್ತೆ'ಯನ್ನು 'ಕತೆ' ಎಂದು ಬರೆಯುತ್ತಾನೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ. ಬಾಯಿಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾನೆ. ತಪ್ಪಿದ ಪದವನ್ನು ಶಾಲೆಯಲ್ಲಿ ಹತ್ತು ಸಲ ಬರೆಸುತ್ತಾರೆ. ಏನು ಮಾಡಲಿ?

ವಿಶೇಷ ಶಿಕ್ಷಕಿ: ನಮಸ್ಕಾರ ಅಮ್ಮ. ಮೊದಲು ಆ ಹತ್ತು ಸಲ ಬರೆಸುವುದು ನಿಲ್ಲಬೇಕು. ತಪ್ಪು ಪದವನ್ನು ಹತ್ತು ಸಲ ಬರೆದರೆ ತಪ್ಪೇ ಕೈಗೆ ಕೂರುತ್ತದೆ. ಒತ್ತಕ್ಷರಗಳ ಇಡೀ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಒಂದು ವಾರ ಬರೀ ತ-ಒತ್ತು: ಕತ್ತೆ, ಹತ್ತಿ, ಸುತ್ತ. ಒತ್ತನ್ನು ಬೇರೆ ಬಣ್ಣದಲ್ಲಿ ಬರೆಯಲಿ, ಬರೆಯುವಾಗ ಗಟ್ಟಿಯಾಗಿ ಹೇಳಲಿ. ನಾಳೆ ತರಗತಿಯಲ್ಲಿ ಓದಬೇಕಾದ ಪ್ಯಾರಾವನ್ನು ಹಿಂದಿನ ದಿನವೇ ಕೊಡುವಂತೆ ಟೀಚರನ್ನು ಕೇಳಿಕೊಳ್ಳಿ. ಏಕಾಏಕಿ ಎಬ್ಬಿಸಿ ಓದಿಸಿದರೆ ಮಗು ಓದುವುದನ್ನಲ್ಲ, ಹೊಟ್ಟೆನೋವು ಬಂತೆಂದು ಹೇಳುವುದನ್ನು ಕಲಿಯುತ್ತದೆ. ಸಮಾಜ, ಪರಿಸರ ಪಾಠಗಳನ್ನು ನೀವೇ ಓದಿ ಹೇಳಿ, ಉತ್ತರವನ್ನು ಬಾಯಿಯಲ್ಲಿ ಕೇಳಿ. ಅಕ್ಷರ ಕಲಿಯುವುದು ತಡವಾಯಿತೆಂದು ವಿಷಯ ಕಲಿಯುವುದೂ ನಿಲ್ಲಬಾರದು. ಎಂಟು ವರ್ಷ ತುಂಬಿದೆಯಲ್ಲ, ನಿರ್ದಿಷ್ಟ ಕಲಿಕಾ ತೊಂದರೆಯ (ಬುದ್ಧಿ ಸರಿ ಇದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಪರೀಕ್ಷೆ ಮಾಡಿಸಬಹುದು.

ಮೂಡುಬಿದಿರೆಯ ತಂದೆ: ಇಂಥ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಎಷ್ಟು ಸಿಗುತ್ತದೆ?

ವಿಶೇಷ ಶಿಕ್ಷಕಿ: ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಲಿಪಿಕಾರರು (ಮಗು ಹೇಳಿದ ಉತ್ತರ ಬರೆಯುವವರು) ಬೇಕಿದ್ದರೂ ಅರ್ಜಿ ಮುಖ್ಯೋಪಾಧ್ಯಾಯರ ಮೂಲಕ. ಪರೀಕ್ಷಾ ಮಂಡಳಿಯ ಈ ವರ್ಷದ ಸುತ್ತೋಲೆಯನ್ನು ಅವರಲ್ಲೇ ಕೇಳಿ. ಫೆಬ್ರವರಿಯಲ್ಲಿ ಓಡಾಡಬೇಡಿ, ಈಗಲೇ ಹೋಗಿ.

ಬೈಂದೂರು ಕಡೆಯ ಶಿಕ್ಷಕಿ: ಮೇಡಂ, ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ ನೋಡುತ್ತೇನೆ. ಒಬ್ಬಳು ಹುಡುಗಿ ಬೇಸಿಗೆ ರಜೆಗೆ ಮುಂಚೆ ಮಗ್ಗಿಯನ್ನು ಸರಾಗವಾಗಿ ಹೇಳುತ್ತಿದ್ದಳು. ಜೂನ್‌ನಿಂದ ಈಚೆಗೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಗಿದೆ. ಕರೆದರೆ ಒಮ್ಮೆ ತಿರುಗುತ್ತಾಳೆ, ಒಮ್ಮೆ ಇಲ್ಲ. ಪುಸ್ತಕ ತೆಗೆಯಿರಿ ಎಂದರೆ ಪಕ್ಕದವಳು ತೆಗೆದ ಮೇಲೆ ತೆಗೆಯುತ್ತಾಳೆ. ಉಕ್ತಲೇಖನದಲ್ಲಿ 'ಮರ' ಎಂದರೆ 'ಬರ'. ಸದಾ ಶೀತ. ಬುದ್ಧಿ ಸಾಲದು, ವಿಶೇಷ ಶಾಲೆಗೆ ಬರೆದುಬಿಡಿ ಎಂದು ಸಹೋದ್ಯೋಗಿಯೊಬ್ಬರ ಸಲಹೆ. ಕಿವಿ ಸರಿ ಇದೆ, ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದೆ, ತಿರುಗಿದಳು.

ವಿಶೇಷ ಶಿಕ್ಷಕಿ: ಉಳಿದವರು ಸ್ವಲ್ಪ ಕಾಯಬೇಕು, ಇದಕ್ಕೆ ಉದ್ದವಾಗಿ ಬರೆಯುತ್ತೇನೆ.

ಟೀಚರ್, ಬುದ್ಧಿಯ ಮಾತನ್ನು ಪಕ್ಕಕ್ಕಿಡಿ. ಏಪ್ರಿಲ್‌ನಲ್ಲಿದ್ದ ಬುದ್ಧಿ ಜೂನ್‌ನಲ್ಲಿ ಎಲ್ಲಿಗೆ ಹೋಗುತ್ತದೆ? ಚಪ್ಪಾಳೆಯಿಂದ ಏನೂ ಗೊತ್ತಾಗುವುದಿಲ್ಲ. ಜೋರು ಸದ್ದು ಕೇಳಿಸುವ, ಮಾತು ಕೇಳಿಸದ ಮಕ್ಕಳು ಬಹಳ. ಬೆನ್ನ ಹಿಂದಿನ ಗಾಳಿಗೆ, ಪಕ್ಕದವರು ತಿರುಗಿದ್ದಕ್ಕೆ ತಿರುಗುವವರೂ ಇದ್ದಾರೆ. ನಿಮ್ಮ ಸಂದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು ಆ ಉಕ್ತಲೇಖನ. ಪರ, ಬರ, ಮರ ಎಂದು ಕನ್ನಡಿಯ ಮುಂದೆ ಹೇಳಿ ನೋಡಿ, ತುಟಿಯ ಚಲನೆ ಮೂರಕ್ಕೂ ಒಂದೇ. ಆ ಮಗು ನಿಮ್ಮ ತುಟಿಯನ್ನು ನೋಡಿ ಬರೆಯುತ್ತಿರಬಹುದು.

ಶೀತವಾದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಊದಿಕೊಂಡು ಮುಚ್ಚುತ್ತದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡ, ಆದ್ದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಕಿವಿಯ ತಮಟೆಯ ಹಿಂದೆ ದ್ರವ ನಿಂತರೆ ಒಂದು ದಿನ ಕೇಳಿಸುತ್ತದೆ, ಇನ್ನೊಂದು ದಿನ ಇಲ್ಲ. ಇದನ್ನೇ ನಾವು ಹಟ, ಸೊಕ್ಕು, ಗಮನವಿಲ್ಲ ಎಂದು ಪ್ರಗತಿ ಪತ್ರದಲ್ಲಿ ಬರೆಯುತ್ತೇವೆ. ಹೆಚ್ಚಿನ ಮಕ್ಕಳಿಗೆ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ಅದು ಬೇರೆಯೇ ವಿಷಯ. ಹಾಗಾಗಿ ಇಂದೇ ತಾಯಿಯನ್ನು ಕೇಳಿ: ತಲೆದಿಂಬಿನ ಮೇಲೆ ಕಲೆ ಇದೆಯೇ? ವಾಸನೆ ಇದೆಯೇ? ಯಾವ ಕಿವಿಯನ್ನು ಮುಂದೆ ಮಾಡಿ ಕೇಳುತ್ತಾಳೆ? ಟಿವಿ ಸದ್ದು ಏರಿಸುತ್ತಾಳೆಯೇ, ಬಾಯಿ ತೆರೆದು ಮಲಗುತ್ತಾಳೆಯೇ?

ಆಸ್ಪತ್ರೆಯ ಕೆಲಸ ಆಸ್ಪತ್ರೆಯವರದು. ತರಗತಿಯಲ್ಲಿ ನಾಳೆಯಿಂದಲೇ ಮಾಡಬೇಕಾದದ್ದು ನಿಮ್ಮದು. ಅವಳ ಒಳ್ಳೆಯ ಕಿವಿ ನಿಮ್ಮ ಕಡೆಗಿರುವಂತೆ ಮುಂದೆ ಕೂರಿಸಿ. ದೂರ ಅರ್ಧವಾದರೆ ನಿಮ್ಮ ಧ್ವನಿ ಅವಳಿಗೆ ಸುಮಾರು 6 ಡೆಸಿಬೆಲ್ ಏರುತ್ತದೆ, ಯಾವ ಯಂತ್ರವೂ ಬೇಡ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಹಲಗೆಯ ಮೇಲೆ ಬರೆಯುತ್ತ ಹಲಗೆಯೊಂದಿಗೇ ಮಾತನಾಡುವ ಅಭ್ಯಾಸ ನಮಗೆಲ್ಲ ಇದೆ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ. ಕಿರುಚಬೇಡಿ, ಕಿರುಚಿದರೆ ತುಟಿ ವಿಕಾರವಾಗುತ್ತದೆ. ಹಿಂದಿನ ಬೆಂಚಿನ ಹುಡುಗ ಉತ್ತರ ಹೇಳಿದರೆ ಅದನ್ನು ನೀವು ಮುಂದಿನಿಂದ ಇನ್ನೊಮ್ಮೆ ಹೇಳಿ. ಮನೆಗೆಲಸವನ್ನು ಬಾಯಿಯಲ್ಲಿ ಹೇಳದೆ ಹಲಗೆಯ ಮೂಲೆಯಲ್ಲಿ ಬರೆಯಿರಿ. 'ಅರ್ಥವಾಯಿತೇ' ಎಂದು ಕೇಳಿದರೆ ಎಲ್ಲ ಮಕ್ಕಳೂ ಹೌದೆನ್ನುತ್ತಾರೆ. 'ನಾನು ಏನು ಹೇಳಿದೆ' ಎಂದು ಕೇಳಿ. ನಿಮ್ಮದು ಶೀಟಿನ ಮಾಡೇ? ಹಾಗಿದ್ದರೆ ಜಡಿಮಳೆ ಹಿಡಿದಾಗ ಪಾಠ ಹೇಳುವುದನ್ನು ಬಿಟ್ಟು ಬರೆಯುವ ಕೆಲಸ ಕೊಡಿ. ಆ ಹೊತ್ತಿನಲ್ಲಿ ಕಿವಿ ಸರಿ ಇದ್ದವರಿಗೂ ಅರ್ಧ ಮಾತು ಕೇಳಿಸುವುದಿಲ್ಲ.

ಕುಂದಾಪುರದ ನಿವೃತ್ತ ಮುಖ್ಯೋಪಾಧ್ಯಾಯರು: ಬಹಳ ಒಳ್ಳೆಯ ಉತ್ತರ. ಈ ಕಾಲದ ಶಿಕ್ಷಕರಿಗೆ ತಾಳ್ಮೆ ಇಲ್ಲ.

ಬೈಂದೂರು ಕಡೆಯ ಶಿಕ್ಷಕಿ: ತಾಳ್ಮೆ ಇಲ್ಲದಿದ್ದರೆ ನಾನು ಇಲ್ಲಿ ಕೇಳುತ್ತಿರಲಿಲ್ಲ ಸರ್.

ಸುರತ್ಕಲ್‌ನ ಸದಸ್ಯೆ: ಎಸ್ಸೆಸ್ಸೆಲ್ಸಿಗೆ ಎಕ್ಸ್‌ಟ್ರಾ ಟೈಮ್ ಇದೆಯಾ ಮೇಡಂ?

ವಿಶೇಷ ಶಿಕ್ಷಕಿ: ಮೇಲೆ ಇದೆ.

ಬೆಳ್ಮಣ್ಣಿನ ಶಿಕ್ಷಕರು: ನನ್ನ ವಿದ್ಯಾರ್ಥಿಗೆ ದೃಷ್ಟಿ ಬಹಳ ಕಡಿಮೆ. ಮೊದಲ ಬೆಂಚಿನಲ್ಲೂ ಕಪ್ಪು ಹಲಗೆ ಕಾಣಿಸುವುದಿಲ್ಲ. ದೊಡ್ಡಕ್ಷರದ ಪಠ್ಯಪುಸ್ತಕ ಎಲ್ಲಿ ಕೇಳಬೇಕು?

ಕಾಪುವಿನ ಸದಸ್ಯರು: *ಫಾರ್ವರ್ಡ್* ಕಿವಿ ಸಮಸ್ಯೆಗೆ ರಾಮಬಾಣ! ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬೆಚ್ಚಗೆ ಎರಡು ಹನಿ. ಮಾತು ಬಾರದ ಮಕ್ಕಳಿಗೆ ಬಜೆ ತೇಯ್ದು ನಾಲಿಗೆಗೆ. ಹತ್ತು ಗುಂಪುಗಳಿಗೆ ಕಳುಹಿಸಿ, ಒಂದು ಮಗುವಿಗಾದರೂ ಒಳ್ಳೆಯದಾಗಲಿ.

ಬೈಂದೂರು ಕಡೆಯ ಶಿಕ್ಷಕಿ: ಮೇಡಂ, ತಾಯಿಗೆ ಫೋನ್ ಮಾಡಿದೆ. ಎಡ ಕಿವಿ ಸೋರುತ್ತದೆ, ದಿಂಬಿನ ಮೇಲೆ ಹಳದಿ ಕಲೆ, ವಾಸನೆಯೂ ಇದೆಯಂತೆ. ಅಜ್ಜಿ ಮೊನ್ನೆಯಿಂದ ಇದೇ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಾರಂತೆ.

ವಿಶೇಷ ಶಿಕ್ಷಕಿ: ಎಣ್ಣೆ ಈ ಕ್ಷಣ ನಿಲ್ಲಲಿ. ಎಲ್ಲರೂ ಓದಿಕೊಳ್ಳಿ: ಸೋರುವ ಕಿವಿಯ ತಮಟೆಯಲ್ಲಿ ತೂತು ಇರುವ ಸಾಧ್ಯತೆ ಹೆಚ್ಚು. ಆ ತೂತಿನಿಂದ ಎಣ್ಣೆ ನಡುಕಿವಿಗೆ ಇಳಿಯುತ್ತದೆ, ಸೋಂಕು ಹೆಚ್ಚುತ್ತದೆ. ಅಜ್ಜಿಯನ್ನು ನಾನು ಬೈಯುವುದಿಲ್ಲ, ಅವರು ಪ್ರೀತಿಯಿಂದ ಮಾಡಿದ್ದಾರೆ. ಯಾವ ಮಗು, ಯಾವ ಕಿವಿ ಎಂದು ನೋಡದೆ ಹತ್ತು ಗುಂಪುಗಳಿಗೆ ಕಳುಹಿಸುವವರನ್ನು ಬೈಯುತ್ತೇನೆ. ನಾಲಿಗೆಗೆ ಬಜೆ ಹಚ್ಚಿದ ಮಾತ್ರಕ್ಕೆ ಕೇಳಿಸದ ಕಿವಿ ಕೇಳಿಸತೊಡಗುವುದಿಲ್ಲ. ಮಾತು ಬಾರದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ.

ಟೀಚರ್, ವಾಸನೆಯ ಸೋರಿಕೆಯನ್ನು ಕಿವಿ-ಮೂಗು-ಗಂಟಲು ವೈದ್ಯರು ಈ ವಾರವೇ ನೋಡಬೇಕು. ಕಿವಿಯ ಹಿಂದೆ ಊತ, ಜ್ವರ, ವಾಂತಿ, ತಲೆಸುತ್ತು, ಬಿಗಿಯಾದ ತಲೆನೋವು, ಬಾಯಿ ಒಂದು ಕಡೆಗೆ ವಾಲುವುದು, ಇವುಗಳಲ್ಲಿ ಒಂದಿದ್ದರೂ ಇಂದು ರಾತ್ರಿಯೇ ಹೋಗಬೇಕು.

ಕಾಪುವಿನ ಸದಸ್ಯರು: ನಮ್ಮ ಅಜ್ಜಿಯ ಕಾಲದಿಂದ ಮಾಡುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಎಲ್ಲದಕ್ಕೂ ಆಸ್ಪತ್ರೆ ಎಂದರೆ ಬಡವರು ಏನು ಮಾಡಬೇಕು?

ವಿಶೇಷ ಶಿಕ್ಷಕಿ: ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯೂ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯೂ ಇರುವುದು ಬಡವರಿಗಾಗಿಯೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬರುತ್ತದೆ, 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. 'ಏನೂ ಆಗಿಲ್ಲ' ಎಂದಿರಲ್ಲ, ಅಜ್ಜಿಯ ಕಾಲದಲ್ಲಿ ಊರಿಗೆ ಇಬ್ಬರು 'ಕೆಪ್ಪ' ಎಂದು ಕರೆಸಿಕೊಂಡವರು ಇರುತ್ತಿದ್ದರು, ಲೆಕ್ಕ ಹಾಕಿ.

ಮುಲ್ಕಿಯ ತಂದೆ: ಒಂದು ಮಾತು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಒಂದು ಮಗುವಿಗಾಗಿ ಟೀಚರ್ ಅಲ್ಲಿ ನಿಲ್ಲಬಾರದು, ಇಲ್ಲಿ ನಿಲ್ಲಬಾರದು, ಎರಡೆರಡು ಸಲ ಹೇಳಬೇಕು ಎಂದರೆ ಉಳಿದ ನಲವತ್ತು ಮಕ್ಕಳ ಗತಿ? ಅಂಥವರಿಗೆ ವಿಶೇಷ ಶಾಲೆಗಳಿವೆಯಲ್ಲ.

ಕಿನ್ನಿಗೋಳಿಯ ತಾಯಿ: 'ಅಂಥವರು' ಎಂದರೆ ಯಾರು ಅಣ್ಣ? ನನ್ನ ಮಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ. ನಿಮ್ಮ ಮಗನ ಗಣಿತಕ್ಕೆ ಅವನಿಂದ ಏನು ತೊಂದರೆ?

ಮುಲ್ಕಿಯ ತಂದೆ: ನಾನು ನಿಮ್ಮ ಮಗನ ವಿಷಯ ಹೇಳಲಿಲ್ಲ ಅಕ್ಕ. ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳಬೇಡಿ.

ಕಿನ್ನಿಗೋಳಿಯ ತಾಯಿ: ಮೈಮೇಲೆ ಇರುವುದನ್ನು ಎಳೆದುಕೊಳ್ಳಬೇಕಾಗಿಲ್ಲ. ಮೇಡಂ, ಅವನ ತರಗತಿಯನ್ನು ಮಾಳಿಗೆಗೆ ಹಾಕಿದ್ದಾರೆ. ದಿನಾ ಇಬ್ಬರು ಎತ್ತಿಕೊಂಡು ಹೋಗುತ್ತಾರೆ.

ವಿಶೇಷ ಶಿಕ್ಷಕಿ: ತರಗತಿಯನ್ನೇ ಕೆಳಗೆ ತರಲು ಲಿಖಿತವಾಗಿ ಕೇಳಿ. ಕೋಣೆ ಬದಲಿಸುವುದಕ್ಕೆ ಅನುದಾನ ಬೇಕಾಗಿಲ್ಲ. ಇಳಿಜಾರು ಕಟ್ಟಿಸುವುದಾದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಒಂದೂವರೆ ಅಡಿಯ ಜಗುಲಿಗೆ 18 ಅಡಿ. ನಾಲ್ಕಡಿಯಲ್ಲಿ ಮುಗಿಸಿದರೆ ಅದು ಫೋಟೊ ತೆಗೆಯಲಿಕ್ಕೆ ಮಾತ್ರ.

ಮುಲ್ಕಿಯವರೇ, ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 31ನೇ ಕಲಂ ಓದಿ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ, ಆಯ್ಕೆ ಮಗುವಿನದು. ಪಕ್ಕದ ಬೆಂಚಿನ ಮಗುವಿನ ತಂದೆಯದಲ್ಲ. ಮುಖ ತೋರಿಸಿ ಮಾತನಾಡುವುದು, ಮನೆಗೆಲಸ ಬರೆದುಕೊಡುವುದು, ಇವುಗಳಿಂದ ನಿಮ್ಮ ಮಗನಿಗೆ ಯಾವ ನಷ್ಟ, ತಿಳಿಸಿ.

ಕಾರ್ಕಳದ ಶಿಕ್ಷಕರು: ಮೇಡಂ, ನಷ್ಟದ ಪ್ರಶ್ನೆ ಅಲ್ಲ. ಮೂರು ತರಗತಿಗೆ ನಾನೊಬ್ಬ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆನ್‌ಲೈನ್ ಭರ್ತಿ. ನೀವು ಹೇಳಿದ್ದು ಮಾಡಲು ನನಗೂ ಆಸೆ.

ವಿಶೇಷ ಶಿಕ್ಷಕಿ: ಇದು ನ್ಯಾಯವಾದ ಮಾತು. ಅದಕ್ಕೇ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ (ವಿಕಲಚೇತನ ಮಕ್ಕಳಿಗೆ ಎಲ್ಲರ ಜೊತೆಯಲ್ಲೇ ಕಲಿಸುವುದು) ಸಂಪನ್ಮೂಲ ಶಿಕ್ಷಕರ ಹುದ್ದೆ ಇರುವುದು. ಇಂಥ ದಿನ ಬನ್ನಿ ಎಂದು ಬರೆದು ಕೇಳಿ. ವಿಶೇಷ ಶಿಕ್ಷಕರ ಪ್ರಮಾಣ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬರು ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ನಮ್ಮ ಕಡೆ ಒಬ್ಬರು ಎಷ್ಟು ಶಾಲೆ ಸುತ್ತುತ್ತಾರೆಂದು ನಿಮಗೇ ಗೊತ್ತು.

ಬ್ರಹ್ಮಾವರದ ಶಿಕ್ಷಕಿ: ಆಟಿಸಂ ಇರುವ ಹುಡುಗ. ವಾರ್ಷಿಕೋತ್ಸವಕ್ಕೆ ಯಕ್ಷಗಾನ ಅಭ್ಯಾಸ ಶುರುವಾಗಿದೆ, ಚೆಂಡೆ ಬಡಿದ ಕೂಡಲೇ ಕಿವಿ ಮುಚ್ಚಿ ಗೇಟಿನತ್ತ ಓಡುತ್ತಾನೆ. ಅಭ್ಯಾಸ ಆಗಲಿ ಎಂದು ಹಿಡಿದು ಕೂರಿಸಬಹುದೇ?

ವಿಶೇಷ ಶಿಕ್ಷಕಿ: ಹಿಡಿದು ಕೂರಿಸಬೇಡಿ. ಅವನಿಗೆ ಅದು ಸದ್ದಲ್ಲ, ನೋವು. ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ಬೆಳಿಗ್ಗೆಯೇ ತೋರಿಸಿ: ಗಣಿತ, ಊಟ, ಚೆಂಡೆ, ಮನೆ. ಆ ಹೊತ್ತಿಗೆ ಹೋಗಬಹುದಾದ ಕೋಣೆಯೊಂದನ್ನು ಗೊತ್ತುಮಾಡಿ, ಕಿವಿ ಮುಚ್ಚುವ ಹೆಡ್‌ಫೋನ್ ಕೊಡಿ. ಗೇಟಿಗೆ ಚಿಲಕ. ರಂಗಕ್ಕೆ ಬರಲೇಬೇಕೆಂದಿಲ್ಲ, ವೇಷದ ಬಣ್ಣ ಇಷ್ಟವಿದ್ದರೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಕೂರಲಿ.

ಹೆಬ್ರಿಯ ಸದಸ್ಯರು: ಮನೆಯಲ್ಲಿ ತುಳು ಮಾತನಾಡುವುದರಿಂದಲೇ ಈ ಮಕ್ಕಳು ಕನ್ನಡದಲ್ಲಿ ಹಿಂದೆ ಬೀಳುತ್ತಾರೆ. ತುಳು ನಿಲ್ಲಿಸಿ ಎಂದು ನಾವು ಪಾಲಕರ ಸಭೆಯಲ್ಲಿ ಹೇಳಿದ್ದೇವೆ.

ಪುತ್ತೂರಿನ ಸದಸ್ಯರು: ಎಂಥ ಮಾತು ಮಾರಾಯರೇ! ತುಳು ಮಾತನಾಡಿಯೇ ನಾವೆಲ್ಲ ಪದವಿ ಮುಗಿಸಿದ್ದು. ಇಂಗ್ಲಿಷ್ ನಿಲ್ಲಿಸಿ ಎಂದು ಹೇಳುವ ಧೈರ್ಯ ನಿಮಗಿದೆಯೇ?

ಹೆಬ್ರಿಯ ಸದಸ್ಯರು: ನಿಮ್ಮದು ಭಾವನೆ, ನಮ್ಮದು ಅನುಭವ.

ಉಳ್ಳಾಲದ ಸದಸ್ಯೆ: ಬ್ಯಾರಿ ಮಾತನಾಡುವ ನಮ್ಮ ಮಕ್ಕಳಿಗೂ ಶಾಲೆಯಲ್ಲಿ ಇದೇ ಹೇಳುತ್ತಾರೆ.

ವಿಶೇಷ ಶಿಕ್ಷಕಿ: ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಕಲಿಕೆಯ ತೊಂದರೆ ಬರುವುದಿಲ್ಲ. ಮನೆಮಾತಿನಲ್ಲಿ ಕತೆ ಹೇಳಬಲ್ಲ ಮಗು ಕನ್ನಡದಲ್ಲಿ ತಡವರಿಸಿದರೆ ಅದಕ್ಕೆ ಬೇಕಾದದ್ದು ಕನ್ನಡದ ಅಭ್ಯಾಸ. ಮನೆಮಾತಿನಲ್ಲೂ ತಡವರಿಸಿದರೆ ಪರೀಕ್ಷೆ. ತುಳುವಿನ ಜಗಳವನ್ನು ಬೇರೆ ಗುಂಪಿನಲ್ಲಿ ಆಡಿ.

ಬೆಳ್ಮಣ್ಣಿನ ಶಿಕ್ಷಕರು: ಮೇಡಂ, ದೊಡ್ಡಕ್ಷರದ ಪುಸ್ತಕ?

ಪಡುಬಿದ್ರಿಯ ಸದಸ್ಯರು: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿದುಳು ಜಾಗೃತಿ ಶಿಬಿರ ಮಂಗಳೂರಿನಲ್ಲಿದೆ. ಕಲಿಕೆಯ ತೊಂದರೆ ಇರುವವರಿಗೂ ಒಳ್ಳೆಯದಂತೆ, ಲಿಂಕ್ ಹಾಕಲೇ?

ವಿಶೇಷ ಶಿಕ್ಷಕಿ: ಬೇಡ. ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತಾರೆ. ಆ ದುಡ್ಡಿಗೆ ಮಕ್ಕಳಿಗೆ ಪುಸ್ತಕ ಕೊಡಿಸಿ.

ಮಣಿಪಾಲದ ಸದಸ್ಯೆ: ಹತ್ತನೇ ತರಗತಿಗೆ ಹೆಚ್ಚುವರಿ ಸಮಯ…

ವಿಶೇಷ ಶಿಕ್ಷಕಿ: ಮೇಲೆ ಹೋಗಿ ಓದಿ. ಮೂರನೇ ಸಲ.

ಕಾಪುವಿನ ಸದಸ್ಯರು: ಪ್ರಶ್ನೆ ಕೇಳಿದವರಿಗೆಲ್ಲ ಹೀಗೆ ಸಿಡುಕುವುದಾದರೆ ಈ ಕಾರ್ಯಕ್ರಮ ಯಾಕೆ?

ನಿರ್ವಾಹಕರು: ಕಾಪುವಿನವರ ಫಾರ್ವರ್ಡ್ ಅಳಿಸಿದ್ದೇನೆ. ಇನ್ನೊಮ್ಮೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ. ಸಮಯ ಎಂಟು ದಾಟಿದೆ.

ಬೈಂದೂರು ಕಡೆಯ ಶಿಕ್ಷಕಿ: ಕೊನೆಯದಾಗಿ ಮೇಡಂ. ಜ್ವರ, ಊತ ಯಾವುದೂ ಇಲ್ಲ. ತಾಯಿ ನಾಳೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಹೋಗಲು ಒಪ್ಪಿದ್ದಾರೆ. ಆದರೆ ಕಿವುಡಿ ಎಂದು ಶಾಲೆಯ ದಾಖಲೆಯಲ್ಲಿ ಬರೆದರೆ ಮುಂದೆ ಮದುವೆಗೆ ಕಷ್ಟ ಎಂಬ ಹೆದರಿಕೆ.

ವಿಶೇಷ ಶಿಕ್ಷಕಿ: ಯಾರೂ ಬರೆಯುವುದಿಲ್ಲ, ನೀವೂ ಬರೆಯಬೇಡಿ. ಕಾಯ್ದೆಯ ಪ್ರಕಾರ ಶ್ರವಣದೋಷ ಎನ್ನಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ ಇರಬೇಕು. ಒಂದು ಕಿವಿ ಸೋರುವುದಕ್ಕೆ, ವಾಸಿಯಾಗಬಲ್ಲ ಕಾಯಿಲೆಗೆ ಪ್ರಮಾಣಪತ್ರ ಕೊಡುವುದಿಲ್ಲ. ತಾಯಿಗೆ ಇದನ್ನು ನೀವೇ ಹೇಳಿ, ಫೋನಿನಲ್ಲಲ್ಲ, ಮನೆಗೆ ಹೋಗಿ. ವೈದ್ಯರು ನೋಡಿದ ಮೇಲೆ ಶ್ರವಣ ಪರೀಕ್ಷೆ ಎರಡೂ ಕಿವಿಗೆ ಆಗಬೇಕು, ಸೋರುವ ಕಿವಿಗೆ ಮಾತ್ರವಲ್ಲ. ಬೆಳ್ಳುಳ್ಳಿ ಎಣ್ಣೆ ಹಾಕಿದ್ದನ್ನು ಮುಚ್ಚಿಡಬಾರದು, ಎಷ್ಟು ದಿನ ಎಂದೂ ಹೇಳಲಿ. ತಲೆಗೆ ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಲಿ, ಕೆರೆಗೆ ಇಳಿಯುವುದು ಸದ್ಯಕ್ಕೆ ಬೇಡ. ವರದಿ ಬಂದ ಮೇಲೆ ನನಗೆ ಖಾಸಗಿಯಾಗಿ ಬರೆಯಿರಿ, ಇಲ್ಲಿ ಹಾಕಬೇಡಿ. ಅಲ್ಲಿಯವರೆಗೆ ಅವಳಿಗೆ ಉಕ್ತಲೇಖನದ ಅಂಕ ಕೊಡಬೇಡಿ.